ಗಟ್ಟಿ ಮನಸ್ಸಿನ ಹುಡುಕಾಟ: 1955ರ ಕವಾಯಿ ದ್ವೀಪದಿಂದ ಇಲ್ಲೀವರೆಗೆ

ಈಗ ಎಲ್ಲಿ ನೋಡಿದ್ರೂ ರೆಸಿಲಿಯನ್ಸ್ ಮಾತೇ. ಆಫೀಸಲ್ಲಿ ವರ್ಕ್‌ಶಾಪ್, ಸ್ಕೂಲಲ್ಲಿ ಒಂದು ಪೀರಿಯಡ್, ಮೊಬೈಲಲ್ಲಿ ಆ್ಯಪ್. ಎಲ್ಲರೂ ಹೇಳೋದು ಹೆಚ್ಚುಕಮ್ಮಿ ಒಂದೇ, ಕಷ್ಟಕ್ಕೆ ಕುಗ್ಗದ ಗುಣ ನಿಮ್ಮೊಳಗೇ ಇದೆ, ಅದನ್ನ ಬೆಳೆಸ್ಕೊಳ್ಳಿ, ಬೆಳೆಸ್ಕೊಳ್ಳದೇ ಹೋದ್ರೆ ತಪ್ಪು ನಿಮ್ದೇ. ಕೊನೇ ಭಾಗನ ಯಾರೂ ಬಾಯಿಬಿಟ್ಟು ಹೇಳಲ್ಲ ಬಿಡಿ, ಆದ್ರೆ ಕೂತು ಕೇಳಿದವರಿಗೆ ಅರ್ಥ ಆಗೇ ಆಗುತ್ತೆ. ತಮಾಷೆ ಏನಂದ್ರೆ, ಈ ವಿಷಯದಲ್ಲಿ ನಡೆದಿರೋ ಸಂಶೋಧನೆ ಹಿಡಿದಿರೋ ದಾರಿ ಬೇರೇನೇ.

ಶುರುವಾಗಿದ್ದು ಹವಾಯಿಯ ಕವಾಯಿ ದ್ವೀಪದಲ್ಲಿ. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳ ಮೇಲೆ ಡಾಕ್ಟರ್‌ಗಳು, ನರ್ಸ್‌ಗಳು, ಸೋಶಿಯಲ್ ವರ್ಕರ್‌ಗಳು ಸೇರ್ಕೊಂಡು ಕಣ್ಣಿಡೋಕೆ ಶುರು ಮಾಡಿದ್ರು. ಎಮಿ ವರ್ನರ್ ಅನ್ನೋ ಮನಶ್ಶಾಸ್ತ್ರಜ್ಞೆ ಇದರ ಮುಂದಾಳು, ಜೊತೆಗೆ ರೂತ್ ಸ್ಮಿತ್. ಮಕ್ಕಳಿಗೆ 1 ವರ್ಷ, 2, 10, 18, ಆಮೇಲೆ 32, 40 ಆದಾಗ ಹುಡುಕ್ಕೊಂಡು ಹೋಗಿ ನೋಡಿದ್ದಾರೆ, ಅಂದ್ರೆ ಒಬ್ಬ ಸಂಶೋಧಕಿಯ ಇಡೀ ವೃತ್ತಿಜೀವನ ಇದರಲ್ಲೇ ಹೋಗಿದೆ. ಹೆರಿಗೆ ಟೈಮಲ್ಲಿ ಆದ ತೊಂದರೆ, ಬಡತನ ಇವೆಲ್ಲ ಮಕ್ಕಳ ಮೇಲೆ ಏನು ಪರಿಣಾಮ ಮಾಡುತ್ತೆ ಅಂತ ನೋಡೋದು ಅವರ ಉದ್ದೇಶ ಆಗಿತ್ತು, ಚೆನ್ನಾಗಿ ಬೆಳೆದವರನ್ನ ಹುಡುಕೋದಲ್ಲ.

ಈ ಮಕ್ಕಳಲ್ಲಿ ಸುಮಾರು 30 ಪರ್ಸೆಂಟ್ ಮಕ್ಕಳ ಮನೆ ಪರಿಸ್ಥಿತಿ ತೀರಾ ಕಷ್ಟದ್ದು. ಬಡತನ, ಅಪ್ಪಅಮ್ಮನ ಜಗಳ, ಕುಡಿತ, ಮಾನಸಿಕ ಕಾಯಿಲೆ, ಇಂಥವು. ಅದರಲ್ಲೂ ಎರಡು ವರ್ಷ ತುಂಬೋದ್ರೊಳಗೆ ಇಂಥ ನಾಲ್ಕು ಅಥವಾ ಅದಕ್ಕಿಂತ ಜಾಸ್ತಿ ಹೊಡೆತ ತಿಂದ ಮಕ್ಕಳಲ್ಲಿ ಮೂರರಲ್ಲಿ ಎರಡು ಭಾಗ 18 ತುಂಬೋ ಹೊತ್ತಿಗೆ ಒಂದಲ್ಲ ಒಂದು ತೊಂದರೆಗೆ ಸಿಕ್ಕಿದ್ರು, ಓದು ಹಿಂದೆ ಬಿತ್ತು, ಪೊಲೀಸ್ ಕೇಸ್ ಆಯ್ತು, ಮನಸ್ಸು ಕೆಟ್ಟಿತ್ತು. ಉಳಿದ ಒಂದು ಭಾಗ ಮಾತ್ರ ಆರಾಮಾಗಿ ಬೆಳೆದು, ಓದಿ, ಕೆಲಸ ಹಿಡಿದು ನಿಂತಿತ್ತು. ಇವರ್ಯಾಕೆ ಕೆಡಲಿಲ್ಲ ಅನ್ನೋದು ಪ್ರಶ್ನೆ.

1970ರ ದಶಕದಲ್ಲಿ ಇದಕ್ಕೆ ಸಿಕ್ಕ ಮೊದಲ ಉತ್ತರ ಪತ್ರಿಕೆಗಳಿಗೆ ಬಹಳ ಇಷ್ಟ ಆಗೋ ಥರದ್ದು, ಈ ಮಕ್ಕಳಿಗೆ ಏನೂ ತಾಗಲ್ಲ, ಇವರು ಸೋಲಿಲ್ಲದವರು ಅಂತ. ವರ್ನರ್ ಡೇಟಾದಲ್ಲಿ ಇದ್ದಿದ್ದು ಅಷ್ಟು ರೋಚಕ ಅಲ್ಲ. ಮಗುವಿನ ಸ್ವಭಾವದ ಪಾತ್ರ ಇತ್ತು, ಹಠ ಕಮ್ಮಿ ಇದ್ದು ಎಲ್ಲರ ಜೊತೆ ಬೇಗ ಹೊಂದ್ಕೊಳ್ಳೋ ಕೂಸುಗಳಿಗೆ ಅನುಕೂಲ ಆಗಿತ್ತು. ಆದ್ರೆ ಅದರಷ್ಟೇ ಎದ್ದು ಕಂಡಿದ್ದು, ಅಪ್ಪಅಮ್ಮ ಕೈಬಿಟ್ರೂ ಅಜ್ಜಿನೋ ಚಿಕ್ಕಮ್ಮನೋ ಪಕ್ಕದ ಮನೆಯವರೋ ಟೀಚರೋ, ಒಟ್ಟಲ್ಲಿ ನಂಬಬಹುದಾದ ಒಬ್ಬರಾದ್ರೂ ದೊಡ್ಡವರು ಆ ಮಗುಗೆ ಸಿಕ್ಕಿದ್ರು ಅನ್ನೋದು. ಇನ್ನೊಂದು ವಿಷಯನ ಜನ ಹೇಳೋದೇ ಕಮ್ಮಿ, ಹದಿಹರೆಯದಲ್ಲಿ ಕೆಟ್ಟುಹೋದ್ರು ಅಂತ ಬರೆದಿಟ್ಟವರಲ್ಲೂ ಬಹಳಷ್ಟು ಜನ 40ರ ಹೊತ್ತಿಗೆ ಸರಿಹೋಗಿದ್ರು. ದುಡೀತಾ ಓದಬಹುದಾದ ಕಾಲೇಜು, ಮಿಲಿಟರಿ ಕೆಲಸ, ಒಳ್ಳೆ ಸಂಗಾತಿ, ಹೀಗೆ ಏನೋ ಒಂದು ಎರಡನೇ ಅವಕಾಶ ಸಿಕ್ಕಿತ್ತು. 18ಕ್ಕೇ ಸ್ಟಡಿ ಮುಗಿಸಿದ್ರೆ ಇವರೆಲ್ಲ ಫೇಲ್ ಆದವರ ಲಿಸ್ಟಲ್ಲೇ ಇರ್ತಿದ್ರು.

ಅಮೆರಿಕದ ಮಿನ್ನೆಸೋಟ ಯೂನಿವರ್ಸಿಟಿಯ ಮನಶ್ಶಾಸ್ತ್ರಜ್ಞ ನಾರ್ಮನ್ ಗಾರ್ಮೆಜಿ, ಬ್ರಿಟನ್ನಿನ ಮಕ್ಕಳ ಮನೋವೈದ್ಯ ಮೈಕಲ್ ರಟ್ಟರ್ ಕೂಡ ಬೇರೆ ದಾರೀಲಿ ಇದೇ ಪ್ರಶ್ನೆಗೆ ಬಂದಿದ್ರು. ಗಾರ್ಮೆಜಿ ಜೊತೆ ಕೆಲಸ ಮಾಡಿದ ಆ್ಯನ್ ಮಾಸ್ಟನ್ 2001ರಲ್ಲಿ ಒಂದು ಪ್ರಬಂಧದಲ್ಲಿ ಇದನ್ನೆಲ್ಲ ಒಟ್ಟು ಮಾಡಿ ಹೇಳಿದ್ದು, ಇದರಲ್ಲಿ ಅಸಾಧಾರಣ ಶಕ್ತಿ ಏನಿಲ್ಲ, ಎಲ್ಲರ ಬೆಳವಣಿಗೆಗೂ ಬೇಕಾದ ಮಾಮೂಲಿ ಸಂಗತಿಗಳು ಕೆಡದೆ ಉಳಿದ್ರೆ ಮಕ್ಕಳು ಚೇತರಿಸ್ಕೋತಾರೆ ಅಂತ.

ಕವಾಯಿ ಸ್ಟಡಿ ನಡೀತಿದ್ದ ಟೈಮಲ್ಲೇ ಇನ್ನೊಂದು ಕಡೆ ನಡೆದಿದ್ದು ಲ್ಯಾಬಿನ ಕಥೆ. 1967ರಲ್ಲಿ ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯಲ್ಲಿ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮಾಯರ್ ಅನ್ನೋ ಮನಶ್ಶಾಸ್ತ್ರಜ್ಞರು ನಾಯಿಗಳ ಮೇಲೆ ಮಾಡಿದ ಪ್ರಯೋಗ, ಈಗ ಓದೋಕೇ ಸಂಕಟ ಆಗುತ್ತೆ. ಎರಡು ನಾಯಿಗೆ ಒಂದೇ ಸಮ ಕರೆಂಟ್ ಶಾಕ್, ಒಂದು ನಾಯಿ ತಲೆಯಿಂದ ಪಕ್ಕದ ಪ್ಯಾನೆಲ್ ಒತ್ತಿದ್ರೆ ಶಾಕ್ ನಿಲ್ಲುತ್ತೆ, ಎರಡಕ್ಕೂ ನಿಲ್ಲುತ್ತೆ, ಆದ್ರೆ ಎರಡನೇದು ಏನು ಒದ್ದಾಡಿದ್ರೂ ಉಪಯೋಗ ಇಲ್ಲ. ಆಮೇಲೆ ಇವನ್ನ ಬೇರೆ ಪೆಟ್ಟಿಗೆಗೆ ಹಾಕ್ತಾರೆ, ಮಧ್ಯೆ ಇರೋ ಅಡ್ಡ ಹಲಗೆ ಹಾರಿದ್ರೆ ಶಾಕಿಂದ ಪಾರು. ಮೊದಲನೇ ಥರದ ನಾಯಿಗಳು ಬೇಗ ಹಾರೋದು ಕಲಿತ್ವು, ಎರಡನೇ ಥರದವು ಬಹುಪಾಲು ಸುಮ್ನೆ ಮಲಗಿ ನರಳಿದ್ವು. ತಿಂದ ಶಾಕ್ ಇಬ್ಬರಿಗೂ ಅಷ್ಟೇ, ವ್ಯತ್ಯಾಸ ಇದ್ದಿದ್ದು ನಿಲ್ಲಿಸೋ ದಾರಿ ಇತ್ತಾ ಇಲ್ವಾ ಅನ್ನೋದರಲ್ಲಿ ಮಾತ್ರ. ಏನು ಮಾಡಿದ್ರೂ ಅಷ್ಟೇ ಅಂತ ಆ ನಾಯಿಗಳು ಕಲಿತುಬಿಟ್ವು ಅನ್ನೋ ವಿವರಣೆ ದಶಕಗಟ್ಟಲೆ ಡಿಪ್ರೆಷನ್ ಬಗ್ಗೆ ಬರೆಯೋರಿಗೆಲ್ಲ ಆಧಾರ ಆಯ್ತು.

ಐವತ್ತು ವರ್ಷ ಕಳೆದ ಮೇಲೆ, 2016ರಲ್ಲಿ, ಅದೇ ಇಬ್ಬರು ಸೇರಿ ನಮ್ಮ ವಿವರಣೆ ತಲೆಕೆಳಗಾಗಿತ್ತು ಅಂತ ಬರೆದ್ರು! ಮಾಯರ್ ಅಷ್ಟೊತ್ತಿಗೆ ಇಲಿಗಳ ಮೆದುಳಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ರು. ಅವರ ಪ್ರಕಾರ, ತಪ್ಪಿಸ್ಕೊಳ್ಳೋಕಾಗದ ಹಿಂಸೆ ತುಂಬಾ ಹೊತ್ತು ನಡೆದಾಗ ಸುಮ್ಮನಾಗಿಬಿಡೋದು ಮೆದುಳಿನ ಹುಟ್ಟುಗುಣ, ಅದನ್ನ ಕಲಿಯೋ ಅಗತ್ಯನೇ ಇಲ್ಲ. ಕಲಿಯಬೇಕಾಗಿರೋದು 'ಇದು ನನ್ನ ಕೈಯಲ್ಲಿದೆ' ಅನ್ನೋದನ್ನ, ಮೆದುಳಿನ ಮುಂಭಾಗ ಅದನ್ನ ಗುರುತಿಸಿ ಆ ಸುಮ್ಮನಾಗೋ ವ್ಯವಸ್ಥೆಯನ್ನ ತಡೆಯುತ್ತೆ. ನನ್ನ ಪ್ರಕಾರ ಈ ಇಡೀ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಿರುವಿಲ್ಲ. ನಮ್ಮ ಕೈಯಲ್ಲಿ ಏನೋ ಇದೆ ಅಂತ ಕಲಿಯೋಕೆ ಒಂದ್ಸಲನಾದ್ರೂ ನಿಜವಾಗ್ಲೂ ಏನಾದ್ರೂ ಕೈಯಲ್ಲಿ ಇರಬೇಕಲ್ವಾ.

ಇಲ್ಲಿಂದ ಪ್ರಶ್ನೆ ಗ್ರಹಿಕೆ ಕಡೆ ಹೋಗುತ್ತೆ. ಎದುರಿಗಿರೋದನ್ನ ನಾವು ಇದ್ದಹಾಗೆ ನೋಡ್ತೀವಾ? 1999ರ ಗೊರಿಲ್ಲಾ ವಿಡಿಯೊ ಗೊತ್ತಿಲ್ಲದವರು ಕಮ್ಮಿ, ಕೆಲವರು ಬಾಲ್ ಪಾಸ್ ಮಾಡೋ ವಿಡಿಯೊ ತೋರಿಸಿ ಪಾಸ್ ಎಣಿಸಿ ಅಂತ ಹೇಳಿದ್ರು, ಎಣಿಸ್ತಾ ಕೂತವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಗೊರಿಲ್ಲಾ ವೇಷದವರು ನಡೆದುಹೋಗಿದ್ದೇ ಕಾಣಲಿಲ್ಲ. ಪರಿಣತರಾದ್ರೆ ಹಿಂಗಾಗಲ್ಲ ಅನ್ನೋರಿಗೆ 2013ರಲ್ಲಿ ಉತ್ತರ ಸಿಕ್ತು. ಶ್ವಾಸಕೋಶದ ಸ್ಕ್ಯಾನಲ್ಲಿ ಗಂಟು ಹುಡುಕ್ತಿದ್ದ 24 ರೇಡಿಯಾಲಜಿಸ್ಟ್‌ಗಳಲ್ಲಿ 20 ಜನ ಅದೇ ಸ್ಕ್ಯಾನಲ್ಲಿ ಸೇರಿಸಿಟ್ಟಿದ್ದ ಗೊರಿಲ್ಲಾ ಚಿತ್ರ ನೋಡಲೇ ಇಲ್ಲ, ಅದರ ಸೈಜು ಮಾಮೂಲಿ ಗಂಟಿನ 48 ಪಟ್ಟು. ಕಣ್ಣಿನ ಚಲನೆ ದಾಖಲೆ ನೋಡಿದ್ರೆ ಅವರಲ್ಲಿ ಹೆಚ್ಚಿನವರ ಕಣ್ಣು ನೇರವಾಗಿ ಅದರ ಮೇಲೇ ಬಿದ್ದಿತ್ತು.

ನಿರ್ಧಾರದ ವಿಷಯಕ್ಕೆ ಬಂದ್ರೆ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್ ಮತ್ತು ಏಮೊಸ್ ಟ್ವರ್ಸ್ಕಿ ಹೆಸರು ಬಿಟ್ಟು ಮುಂದೆ ಹೋಗೋ ಹಾಗಿಲ್ಲ. 600 ಜನರ ಜೀವಕ್ಕೆ ಅಪಾಯ ಇರೋ ಒಂದು ರೋಗ, ಎದುರಿಗೆ ಎರಡು ಯೋಜನೆ ಅಂತ ಇಟ್ಕೊಳ್ಳಿ ಅಂದ್ರು, ಒಂದು ಯೋಜನೆಯಿಂದ 200 ಜನ ಖಂಡಿತ ಉಳೀತಾರೆ ಅಂದಾಗ 72 ಪರ್ಸೆಂಟ್ ಜನ ಅದನ್ನೇ ಆರಿಸಿದ್ರು, ಅದೇ ಯೋಜನೆಯನ್ನ 400 ಜನ ಸಾಯ್ತಾರೆ ಅಂತ ಹೇಳಿದಾಗ ಆರಿಸಿದ್ದು 22 ಪರ್ಸೆಂಟ್ ಮಾತ್ರ. ಇದು 1981ರ ಪ್ರಬಂಧ. ಇಂಥದ್ದನ್ನೆಲ್ಲ ಓದಿ ಮನುಷ್ಯನ ತಲೆನೇ ಸರಿಯಿಲ್ಲ ಅಂತ ತೀರ್ಮಾನ ಮಾಡಿದವರು ಬೇಕಾದಷ್ಟು ಜನ. ಆದ್ರೆ ಗ್ಯಾರಿ ಕ್ಲೈನ್ ಅನ್ನೋ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಫೈರ್ ಬ್ರಿಗೇಡ್ ಕಮಾಂಡರ್‌ಗಳನ್ನ ಮಾತಾಡಿಸಿದಾಗ ಕಂಡಿದ್ದು ಬೇರೆ, ಅವರು ನಾಲ್ಕು ದಾರಿ ಮುಂದಿಟ್ಕೊಂಡು ತೂಗ್ತಾನೇ ಇರ್ಲಿಲ್ಲ, ಪರಿಸ್ಥಿತಿ ನೋಡಿದ ಕೂಡ್ಲೇ ಏನು ಮಾಡ್ಬೇಕು ಅಂತ ಹೊಳೀತಿತ್ತು, ಬಹಳ ಸಲ ಅದು ಸರೀನೂ ಇರ್ತಿತ್ತು. ಕಾನಮನ್, ಕ್ಲೈನ್ ವಿರೋಧಿ ಬಣದವರು, ಆದ್ರೂ ಒಟ್ಟಿಗೆ ಕೂತು ವಾದ ಮಾಡಿ 2009ರಲ್ಲಿ ಜಂಟಿಯಾಗಿ ಬರೆದ್ರು. ಹೊಳೆದಿದ್ದನ್ನ ನಂಬಬಹುದಾ ಅನ್ನೋದು ಎರಡು ವಿಷಯದ ಮೇಲಿದೆ, ಆ ಕ್ಷೇತ್ರಕ್ಕೆ ಒಂದು ಸ್ಥಿರವಾದ ಕ್ರಮ ಇರಬೇಕು, ಮಾಡಿದ್ದು ಸರಿನಾ ತಪ್ಪಾ ಅಂತ ಬೇಗ ಗೊತ್ತಾಗಬೇಕು. ಎಷ್ಟು ಆತ್ಮವಿಶ್ವಾಸ ಇದೆ ಅನ್ನೋದು ಲೆಕ್ಕಕ್ಕೇ ಬರಲ್ಲ.

ಗ್ರಹಿಕೆ, ನಿರ್ಧಾರ, ಗಟ್ಟಿತನ ಮೂರೂ ಒಂದೇ ಕಡೆ ಸಿಗೋದು ಮಾರ್ಷ್‌ಮ್ಯಾಲೋ ಟೆಸ್ಟಲ್ಲಿ. ಸ್ಟ್ಯಾನ್‌ಫರ್ಡ್‌ನಲ್ಲಿ ವಾಲ್ಟರ್ ಮಿಷೆಲ್ 1960ರ ದಶಕದ ಕೊನೇಲಿ ಶುರು ಮಾಡಿದ್ದು, ಪುಟ್ಟ ಮಗುವಿನ ಮುಂದೆ ಮಾರ್ಷ್‌ಮ್ಯಾಲೋ ಥರದ ಮೆತ್ತನೆ ಸಿಹಿ ತಿಂಡಿ ಇಟ್ಟು, ಈಗ ತಿಂದ್ರೆ ಒಂದು, ಕಾದ್ರೆ ಎರಡು ಅನ್ನೋದು. ಕಾದ ಮಕ್ಕಳು ಮುಂದೆ ಪರೀಕ್ಷೆಯಲ್ಲೂ ಚೆನ್ನಾಗಿ ಮಾಡಿದ್ರು ಅಂತ ಬಂದಿದ್ದೇ ತಡ, ಸಂಯಮವೇ ಎಲ್ಲಾ ಅನ್ನೋ ಭಾಷಣ ಶುರುವಾಯ್ತು. 2013ರಲ್ಲಿ ಪ್ರಕಟವಾದ ರೋಚೆಸ್ಟರ್ ಯೂನಿವರ್ಸಿಟಿಯ ಪ್ರಯೋಗ ಇದಕ್ಕಿಂತ ಚೆಂದ ಇದೆ. 28 ಮಕ್ಕಳು, ಮೊದಲು ಚಿತ್ರ ಬರೆಯೋ ಆಟ. ಹಳೇ ಕ್ರೇಯಾನ್ ಕೊಟ್ಟು, ಸ್ವಲ್ಪ ತಡಿ ಇನ್ನೂ ಒಳ್ಳೇದು ತರ್ತೀನಿ ಅಂತ ಹೇಳ್ತಾರೆ. ಅರ್ಧ ಮಕ್ಕಳಿಗೆ ನಿಜವಾಗ್ಲೂ ತಂದುಕೊಟ್ರು, ಉಳಿದವರ ಹತ್ರ ವಾಪಸ್ ಬಂದು ಸಾರಿ, ಇಲ್ವಂತೆ ಅಂದ್ರು. ಸ್ಟಿಕರ್ ವಿಷಯದಲ್ಲೂ ಇನ್ನೊಂದ್ಸಲ ಹಂಗೇ ಮಾಡಿದ್ರು. ಆಮೇಲೆ ಮಾರ್ಷ್‌ಮ್ಯಾಲೋ. ಮಾತು ಉಳಿಸ್ಕೊಂಡವರನ್ನ ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದ್ರು, ಮೋಸ ಹೋದವರು 3 ನಿಮಿಷ. ಪೂರ್ತಿ 15 ನಿಮಿಷ ಕಾದವರು ಒಂದು ಕಡೆ 14ರಲ್ಲಿ 9, ಇನ್ನೊಂದು ಕಡೆ ಒಬ್ಬರೇ. ಬೇಗ ತಿಂದ ಮಗುನ ಸಂಯಮ ಇಲ್ಲದ್ದು ಅಂತೀರೋ ಜಾಣ ಮಗು ಅಂತೀರೋ, ನಾನಂತೂ ಜಾಣ ಅಂತೀನಿ. 2018ರಲ್ಲಿ ಸುಮಾರು 900 ಮಕ್ಕಳ ಡೇಟಾ ನೋಡಿದಾಗ್ಲೂ, ಮನೆ ಪರಿಸ್ಥಿತಿ ಲೆಕ್ಕಕ್ಕೆ ತಗೊಂಡ್ರೆ ಕಾಯೋದಕ್ಕೂ ಮುಂದಿನ ಓದಿಗೂ ಇದ್ದ ನಂಟು ಬಹಳ ಕಮ್ಮಿ ಆಯ್ತು.

ಇಷ್ಟೆಲ್ಲ ಇದ್ರೂ ಟ್ರೇನಿಂಗ್ ವ್ಯಾಪಾರ ನಿಂತಿಲ್ಲ. ಅಮೆರಿಕದ ಸೈನ್ಯ 2009ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸೈನಿಕರಿಗೆ ಅಂತ ಇಂಥದ್ದೇ ಕಾರ್ಯಕ್ರಮ ತಂತು, ಸಲಹೆ ಕೊಟ್ಟವರಲ್ಲಿ ಮುಖ್ಯರು ಅದೇ ಸೆಲಿಗ್ಮನ್. ಚಿಕ್ಕದಾಗಿ ಪರೀಕ್ಷೆ ಮಾಡಿ ನೋಡದೇ ಇಷ್ಟು ಜನಕ್ಕೆ ಹಂಚಿದ್ದು ಯಾಕೆ ಅಂತ ಮನಶ್ಶಾಸ್ತ್ರಜ್ಞರೇ ಕೇಳಿದ್ರು. ಒಳ್ಳೇ ಉದ್ದೇಶ ಸಾಕಾಗಲ್ಲ ಅನ್ನೋದಕ್ಕೆ ಹಳೇ ಉದಾಹರಣೆನೂ ಇತ್ತು. ಆಘಾತ ಆದವರನ್ನ ಆದಷ್ಟು ಬೇಗ ಕೂರಿಸಿ ಎಲ್ಲಾ ಹೇಳಿಸೋ ಡೀಬ್ರೀಫಿಂಗ್ ಪದ್ಧತಿ 1980ರ ದಶಕದಿಂದ ಎಲ್ಲಾ ಕಡೆ ಹರಡಿತ್ತು. 1997ರಲ್ಲಿ ಸುಟ್ಟಗಾಯ ಆದವರ ಮೇಲೆ ನಡೆದ ಒಂದು ಟ್ರಯಲ್‌ನಲ್ಲಿ 13 ತಿಂಗಳ ನಂತರ ನೋಡಿದ್ರೆ, ಡೀಬ್ರೀಫಿಂಗ್ ಆದವರಲ್ಲಿ 26 ಪರ್ಸೆಂಟ್ ಜನಕ್ಕೆ ಪಿಟಿಎಸ್‌ಡಿ, ಅಂದ್ರೆ ಆಘಾತದ ನಂತರ ಕಾಡೋ ಮಾನಸಿಕ ತೊಂದರೆ, ಇತ್ತು, ಆಗದವರಲ್ಲಿ 9.

ಕೊಲಂಬಿಯಾ ಯೂನಿವರ್ಸಿಟಿಯ ಮನಶ್ಶಾಸ್ತ್ರಜ್ಞ ಜಾರ್ಜ್ ಬೊನಾನೊ 2004ರಿಂದ ಹೇಳ್ತಿರೋದು, ಸಾವು ನೋವು ಕಂಡವರಲ್ಲಿ ಹೆಚ್ಚಿನವರು ಯಾರ ಟ್ರೇನಿಂಗೂ ಇಲ್ದೇ ಹೇಗೋ ನಿಭಾಯಿಸ್ತಾರೆ ಅಂತ. ಆದ್ರೆ ಯಾರು ನಿಭಾಯಿಸ್ತಾರೆ ಅಂತ ಮೊದಲೇ ಹೇಳೋದು ಕಷ್ಟ ಅಂತನೂ ಅವರೇ ಒಪ್ತಾರೆ, ಎಲ್ಲಾ ಕಡೆ ನಡೆಯೋ ಒಂದೇ ಗುಣ ಇಲ್ಲ. ಪರಿಸ್ಥಿತಿ ಏನು ಕೇಳ್ತಿದೆ ಅಂತ ಓದೋದು, ಕೈಯಲ್ಲಿ ನಾಲ್ಕಾರು ಉಪಾಯ ಇರೋದು, ಒಂದು ನಡೀಲಿಲ್ಲ ಅಂದ್ರೆ ಗಮನಿಸಿ ಬದಲಾಯಿಸೋದು, 2013ರ ಅವರ ಪ್ರಬಂಧದಲ್ಲಿ ಇರೋದು ಈ ಮೂರು. ಗ್ರಹಿಕೆಯವರು, ನಿರ್ಧಾರದವರು ಬೇರೆ ಕಡೆಯಿಂದ ಬಂದು ನಿಂತಿರೋ ಜಾಗನೂ ಇದೇ.

ಬೊನಾನೊ ಹೇಳಿದ ಹೆಚ್ಚಿನವರು ಅನ್ನೋ ಲೆಕ್ಕಕ್ಕೂ ತಕರಾರು ಇದೆ. ಫ್ರಾಂಕ್ ಇನ್‌ಫರ್ನಾ ಮತ್ತು ಸುನಿಯಾ ಲೂಥರ್ ಸಂಗಾತಿ ಕಳ್ಕೊಂಡವರ ಡೇಟಾನ 2017ರಲ್ಲಿ ಐದು ಅಳತೆಯಲ್ಲಿ ನೋಡಿದ್ರು. ಬದುಕಿನ ಬಗ್ಗೆ ತೃಪ್ತಿ ಇದೆಯಾ ಅಂತ ಮಾತ್ರ ಕೇಳಿದ್ರೆ 66 ಪರ್ಸೆಂಟ್ ಜನ ಗಟ್ಟಿಗರು. ಆರೋಗ್ಯ, ಓಡಾಟ, ಸಂತೋಷ, ದುಃಖ ಎಲ್ಲದರಲ್ಲೂ ಕುಗ್ಗದವರನ್ನ ಮಾತ್ರ ಎಣಿಸಿದ್ರೆ 8 ಪರ್ಸೆಂಟ್.