ಪುಲಿಕೇಶಿ ಅಂತ ಮಗುವಿಗೆ ಹೆಸರಿಡೋರು ಯಾಕಿಷ್ಟು ಕಮ್ಮಿ?

ಕನ್ನಡ ಶಾಲೆಯಲ್ಲಿ ಓದಿದ ಯಾರನ್ನಾದರೂ ನಿಲ್ಲಿಸಿ ಕೇಳಿ, ಇಮ್ಮಡಿ ಪುಲಿಕೇಶಿ ಯಾರು ಅಂತ. ನರ್ಮದೆ ದಡದಲ್ಲಿ ಹರ್ಷವರ್ಧನನನ್ನು ಸೋಲಿಸಿದವನು ಅಂತ ತಟ್ಟನೆ ಹೇಳುತ್ತಾರೆ. ಇನ್ನೊಂದು ಪ್ರಶ್ನೆ ಕೇಳಿ. ನಿಮ್ಮ ಫೋನಿನಲ್ಲಿ ಪುಲಿಕೇಶಿ ಹೆಸರಿನ ನಂಬರ್ ಎಷ್ಟಿವೆ? ನನ್ನದರಲ್ಲಿ ಹುಡುಕಿ ನೋಡಿದೆ. ಹರ್ಷ ನಾಲ್ಕು ಜನ, ವಿಕ್ರಮ್ ಐದು ಜನ, ಪುಲಿಕೇಶಿ ಒಬ್ಬರೇ. ಗೆದ್ದವನ ಹೆಸರಿನವರು ಒಬ್ಬರು, ಸೋತವನ ಹೆಸರಿನವರು ನಾಲ್ಕು ಜನ!

ಆ ಒಬ್ಬರು ಹುಟ್ಟಿದ್ದು 1968ರಲ್ಲಿ. ಅದರ ಹಿಂದಿನ ವರ್ಷ, 1967ರಲ್ಲಿ, ರಾಜ್‌ಕುಮಾರ್ ಅಭಿನಯದ 'ಇಮ್ಮಡಿ ಪುಲಿಕೇಶಿ' ಬಂದಿತ್ತು. ಅವರ ಅಪ್ಪ ಅದನ್ನು ಟೆಂಟಿನಲ್ಲಿ ಮೂರು ಸಲ ನೋಡಿ, ಗಂಡು ಹುಟ್ಟಿದರೆ ಇದೇ ಹೆಸರು ಅಂತ ತೀರ್ಮಾನ ಮಾಡಿದ್ದರಂತೆ. ಅಲ್ಲಿಂದ ಶುರುವಾಯಿತು ಕಷ್ಟ. ಶಾಲೆಯ ದಾಖಲೆಯಲ್ಲಿ ಪುಲಕೇಶಿ, ರೇಷನ್ ಕಾರ್ಡಿನಲ್ಲಿ ಪುಲಿಕೇಶಿ, ಬ್ಯಾಂಕಿನಲ್ಲಿ ಕೊನೆಯ 'ಶಿ' ಹೋಗಿ 'ಸಿ'. ಮೂರೂ ನಾನೇ ಅಂತ ಅಫಿಡವಿಟ್ ಮಾಡಿಸಿಕೊಂಡಿದ್ದಾರೆ. ತಲೆ ಪೂರ್ತಿ ಬೋಳು, ಹೆಸರಿನಲ್ಲಿ ಮಾತ್ರ ಕೇಶ ಅಂತ ತಮಾಷೆಯನ್ನೂ ಅವರೇ ಮಾಡುತ್ತಾರೆ, ನಾವು ಮಾಡುವ ಮುಂಚೆಯೇ.

ಆದರೆ ಇದು ಬರೀ ಕಚೇರಿಗಳ ಗೊಂದಲ ಅಲ್ಲ. ಈ ಹೆಸರನ್ನು ಹೇಗೆ ಬರೆಯಬೇಕು ಅನ್ನೋದರಲ್ಲಿ ಕಲ್ಲುಗಳಿಗೇ ಒಮ್ಮತ ಇಲ್ಲ. ಚಾಲುಕ್ಯರ ಬಗ್ಗೆ ಮಾತು ಬಂದಾಗೆಲ್ಲ ಮೊದಲು ನೆನಪಾಗುವುದು ಬಾದಾಮಿಯ ಬಂಡೆ ಶಾಸನ. ಶಕ ವರ್ಷ 465, ಅಂದರೆ ಕ್ರಿ.ಶ. 543. ಬಾದಾಮಿಯ ಬೆಟ್ಟಕ್ಕೆ ಕೋಟೆ ಕಟ್ಟಿದ, ಅಶ್ವಮೇಧ ಮಾಡಿದ ಮೊದಲನೇ ಪುಲಿಕೇಶಿಯ ಶಾಸನ ಅದು. ಅದರಲ್ಲಿ ಪುಲಿಕೇಶಿ ಅನ್ನುವ ಹೆಸರೇ ಇಲ್ಲ, ಗೊತ್ತಾ? ಅಲ್ಲಿರುವುದು ವಲ್ಲಭೇಶ್ವರ. ರಾಜನಿಗೆ ಮನೆಯ ಹೆಸರು ಬೇರೆ, ಬಿರುದು ಬೇರೆ. ಕಲ್ಲಿಗೆ ಹೋಗಿದ್ದು ಬಿರುದು.

ಸುಮಾರು ತೊಂಬತ್ತು ವರ್ಷ ಮುಂದೆ ಬನ್ನಿ. ಐಹೊಳೆಯ ಮೇಗುತಿ ಗುಡಿಯ ಗೋಡೆ. ಶಕ 556, ಅಂದರೆ ಕ್ರಿ.ಶ. 634-35. ರವಿಕೀರ್ತಿ ಅನ್ನುವ ಜೈನ ಕವಿ ತನ್ನ ದೊರೆ ಇಮ್ಮಡಿ ಪುಲಿಕೇಶಿಯನ್ನು ಸಂಸ್ಕೃತದಲ್ಲಿ ಹೊಗಳಿ ಬರೆಸಿದ ಶಾಸನ ಅದು, ಲಿಪಿ ಮಾತ್ರ ನಮ್ಮ ಹಳೆಗನ್ನಡದ್ದು. ಹರ್ಷನ ಹರ್ಷ ಭಯದಿಂದ ಇಳಿದುಹೋಯಿತು ಅನ್ನುವ ಪ್ರಸಿದ್ಧ ಶ್ಲೇಷೆ ಇರುವುದು ಅಲ್ಲೇ. ತಾನು ಕಾಳಿದಾಸ ಭಾರವಿಗಳಿಗೆ ಸಮ ಅಂತ ಕವಿ ಹೇಳಿಕೊಂಡಿರುವುದೂ ಅಲ್ಲೇ (ಸಂಕೋಚ ಅನ್ನೋದು ಆ ಕಾಲಕ್ಕೂ ಜಾಸ್ತಿ ಇರಲಿಲ್ಲ). ಆ ಶಾಸನದಲ್ಲಿ ತಾತನಿಗೂ ಮೊಮ್ಮಗನಿಗೂ ಇರುವ ಹೆಸರು ಪುಲಿಕೇಶಿಯೂ ಅಲ್ಲ, ಪುಲಕೇಶಿಯೂ ಅಲ್ಲ. ಪೊಲೆಕೇಶಿ.

ಅದೇ ರಾಜನನ್ನು 641ರ ಹೊತ್ತಿಗೆ ಈ ಕಡೆ ಬಂದ ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಚೀನೀ ಅಕ್ಷರಗಳಲ್ಲಿ ಪು-ಲೋ-ಕಿ-ಶೆ ಎಂದು ಬರೆದುಕೊಂಡ. ಅರಬ್ಬಿ ಇತಿಹಾಸಕಾರ ಅಲ್ ತಬರಿಯ ಬರಹದಲ್ಲಿ ಪರ್ಷಿಯಾದ ರಾಜ ಎರಡನೇ ಖುಸ್ರುವಿಗೆ ಪತ್ರ ಕಳಿಸಿದ ಒಬ್ಬ ಹಿಂದೂಸ್ತಾನದ ರಾಜ ಬರುತ್ತಾನೆ. ಆ ಹೆಸರು ಪುಲಿಕೇಶಿಯದೇ ಅಂತ ಕೆಲವು ವಿದ್ವಾಂಸರು ಓದಿದರು. ಅಲ್ಲ, ಅದು ಅವನ ಪರಮೇಶ್ವರ ಅನ್ನುವ ಬಿರುದು ಅಂತ ಇನ್ನು ಕೆಲವರು. ಎರಡನೆಯದೇ ನಿಜ ಆದರೆ, ಪರ್ಷಿಯಾದ ಆಸ್ಥಾನಕ್ಕೆ ನಮ್ಮ ದೊರೆ ಪರಿಚಯ ಆಗಿದ್ದು ನಮ್ಮೂರಿನ ಪ್ರತಿ ಬೀದಿಯಲ್ಲೂ ಸಿಗುವ ಪರಮೇಶನಾಗಿ!

ಇನ್ನು ಅರ್ಥ. ಇಲ್ಲಿ ಎರಡು ಪಂಗಡ. ಧಾರವಾಡ, ಬಿಜಾಪುರದ ಕಡೆಯ ಶಾಸನಗಳನ್ನು ಓದಿ ಪ್ರಕಟಿಸಿದ ಜೆ.ಎಫ್. ಫ್ಲೀಟ್ ಮತ್ತು ಅವರನ್ನು ಒಪ್ಪುವವರ ಪ್ರಕಾರ ಇದು ಕನ್ನಡದ ಪುಲಿ, ಸಂಸ್ಕೃತದ ಕೇಶಿ ಎರಡೂ ಸೇರಿದ ಪದ. ಹುಲಿಯ ಕೂದಲಿನಂಥ ಕೂದಲು ಇರುವವನು. ಇನ್ನೊಂದು ಪಂಗಡದಲ್ಲಿ ಕೆ.ಎ. ನೀಲಕಂಠ ಶಾಸ್ತ್ರಿ ಇದ್ದಾರೆ. ಅವರ ಪ್ರಕಾರ ಪುಲ ಅಂದರೆ ದೊಡ್ಡದು, ಕೇಶಿ ಅಂದರೆ ಕೇಸರ ಇರುವ ಸಿಂಹ, ಒಟ್ಟು ಮಹಾಸಿಂಹ. ಹುಲಿಯೋ ಸಿಂಹವೋ, ಜಗಳ ಇನ್ನೂ ಮುಗಿದಿಲ್ಲ. ನನ್ನ ಮನಸ್ಸು ಹುಲಿಯ ಕಡೆಗೇ. ಐಹೊಳೆಯ 'ಪೊಲೆ'ಯನ್ನು ನೋಡಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕುಡು ಕೊಡು ಆದ ಭಾಷೆ ನಮ್ಮದು, ಉ ಒ ಅದಲುಬದಲು ಆಗುವುದು ಹೊಸದಲ್ಲ. ಪುಲಕ ಅಂದರೆ ರೋಮಾಂಚನ, ಅದಕ್ಕೆ ಈಶ ಸೇರಿ ಪುಲಕೇಶಿ ಅಂತ ಕೆಲವರು ಸುಮ್ನೆ ಬಿಡಿಸಿ ಹೇಳುತ್ತಾರೆ. ಬಂಗಾಳ, ಅಸ್ಸಾಂ ಕಡೆಯ ಪುಲಕೇಶ್ ಅನ್ನುವ ಹೆಸರಿಗೆ ಆ ಬಿಡಿಸುವಿಕೆ ಸರಿಯಾಗಿ ಹೊಂದುತ್ತದೆ, ನಮ್ಮ ಪೊಲೆಕೇಶಿಗೆ ಹೊಂದುವುದಿಲ್ಲ.

ಇಮ್ಮಡಿಯ ವಿಷಯವೂ ಹೇಳಿಬಿಡುತ್ತೇನೆ. ಎಷ್ಟೋ ಮಕ್ಕಳು ಇಮ್ಮಡಿ ಅನ್ನೋದು ಅವನ ಮನೆತನದ ಹೆಸರು ಅಂದುಕೊಂಡಿರುತ್ತಾರೆ. ಇಮ್ಮಡಿ ಅಂದರೆ ಎರಡನೆಯವನು, ಅಷ್ಟೇ. ಮೊದಲನೆಯವನು ಅವನ ತಾತ. ತಾತನ ಹೆಸರನ್ನು ಮೊಮ್ಮಗನಿಗೆ ಇಡೋದು ನಮ್ಮ ಮನೆಗಳಲ್ಲಿ ಇವತ್ತಿಗೂ ನಡೆಯುತ್ತದೆ, ಅಲ್ವಾ? ಬಾದಾಮಿಯ ಅರಮನೆಯಲ್ಲೂ ಆಗಿದ್ದು ಅದೇ. ಪುಲಿಕೇಶಿಯ ಮಗ ಕೀರ್ತಿವರ್ಮ, ಅವನ ಮಗ ಮತ್ತೆ ಪುಲಿಕೇಶಿ.

ಆಮೇಲೆ ಇದು ನಿಂತುಹೋಯಿತು. ಈ ಕಥೆಯಲ್ಲಿ ನನಗೆ ತುಂಬಾ ಕಾಡುವ ಭಾಗ ಇದು. 642ರಲ್ಲಿ ಪಲ್ಲವರ ನರಸಿಂಹವರ್ಮ ಬಾದಾಮಿಯನ್ನು ಹಿಡಿದ, ವಾತಾಪಿಕೊಂಡ (ವಾತಾಪಿ ಅಂದರೆ ಬಾದಾಮಿಯ ಹಳೆಯ ಹೆಸರು) ಅಂತ ಬಿರುದು ತೆಗೆದುಕೊಂಡ, ಅಲ್ಲಿಯ ಬಂಡೆಯ ಮೇಲೇ ತನ್ನ ಶಾಸನ ಕೆತ್ತಿಸಿದ. ಪುಲಿಕೇಶಿಯ ಮಗ ಒಂದನೇ ವಿಕ್ರಮಾದಿತ್ಯ ಹಲವು ವರ್ಷ ಹೋರಾಡಿ ರಾಜ್ಯ ವಾಪಸ್ ಪಡೆದ. ಅವನ ನಂತರ ಬಾದಾಮಿಯಲ್ಲಿ ಆಳಿದವರು ವಿನಯಾದಿತ್ಯ, ವಿಜಯಾದಿತ್ಯ, ಇಮ್ಮಡಿ ವಿಕ್ರಮಾದಿತ್ಯ, ಇಮ್ಮಡಿ ಕೀರ್ತಿವರ್ಮ. ಒಬ್ಬನೂ ಪುಲಿಕೇಶಿ ಇಲ್ಲ. ಎರಡು ಶತಮಾನ ಬಿಟ್ಟು ಕಲ್ಯಾಣದ ಚಾಲುಕ್ಯರು ಬಂದರು, ನಾವು ಅದೇ ವಂಶದವರು ಅಂತ ಹೇಳಿಕೊಂಡರು, ಹಳೆಯ ಹೆಸರುಗಳನ್ನೆಲ್ಲ ಹುಡುಕಿ ಇಟ್ಟುಕೊಂಡರು. ವಿಕ್ರಮಾದಿತ್ಯ ಅಂತಲೇ ಆರನೆಯವನವರೆಗೂ ಎಣಿಸುತ್ತೇವೆ, ಜಯಸಿಂಹ ಇದ್ದಾನೆ, ಪುಲಿಕೇಶಿಯ ಬಿರುದಾಗಿದ್ದ ಸತ್ಯಾಶ್ರಯ ಅನ್ನುವ ಹೆಸರನ್ನೂ ಇಟ್ಟುಕೊಂಡ ರಾಜ ಇದ್ದಾನೆ. ಪುಲಿಕೇಶಿ ಇಲ್ಲ! ಆಂಧ್ರದ ವೇಂಗಿಯಲ್ಲಿ ಪುಲಿಕೇಶಿಯ ತಮ್ಮ ಕುಬ್ಜ ವಿಷ್ಣುವರ್ಧನ ಶುರುಮಾಡಿದ ಶಾಖೆಯಲ್ಲೂ ವಿಷ್ಣುವರ್ಧನ, ವಿಜಯಾದಿತ್ಯ ಅಂತ ಮತ್ತೆ ಮತ್ತೆ ಬರುತ್ತದೆ, ಅಣ್ಣನ ಹೆಸರು ರಾಜರ ಪಟ್ಟಿಗೆ ಬರುವುದೇ ಇಲ್ಲ.

ಸೋತು ಮುಗಿದ ರಾಜನ ಹೆಸರು ಅಪಶಕುನ ಅನ್ನಿಸಿತೋ, ವರ್ಮ-ಆದಿತ್ಯ ಅಂತ ಗಂಭೀರವಾಗಿ ಕೇಳುವ ಸಂಸ್ಕೃತ ಹೆಸರುಗಳ ಮುಂದೆ ಅರ್ಧ ಕನ್ನಡದ ಹೆಸರು ಮನೆಮಾತಿನಂತೆ ಕಂಡಿತೋ. ನನಗೆ ಎರಡನೆಯದು ಹೆಚ್ಚು ಸರಿ ಅನ್ನಿಸುತ್ತದೆ. ಸೋಲಿನ ಭಯ ಇದ್ದಿದ್ದರೆ ಸತ್ಯಾಶ್ರಯವನ್ನೂ ಬಿಡಬೇಕಿತ್ತಲ್ಲ.

ಹೆಸರು ಬದುಕಿದ್ದು ದೂರದಲ್ಲಿ, ಗುಜರಾತಿನಲ್ಲಿ. ಅಲ್ಲಿ ಚಾಲುಕ್ಯರ ಶಾಖೆಯ ಅವನಿಜನಾಶ್ರಯ ಪುಲಿಕೇಶಿ ಸಿಂಧ್ ಕಡೆಯಿಂದ ನುಗ್ಗಿ ಬಂದ ಅರಬ್ಬರ ಸೈನ್ಯವನ್ನು ನವಸಾರಿಯ ಹತ್ತಿರ ಸೋಲಿಸಿದ. 739ರ ನವಸಾರಿ ತಾಮ್ರಪಟದಲ್ಲಿ ಆ ಯುದ್ಧದ ವರ್ಣನೆ ಇದೆ. ಬಾದಾಮಿಯ ಇಮ್ಮಡಿ ವಿಕ್ರಮಾದಿತ್ಯ ಖುಷಿಯಾಗಿ ಅವನಿಗೆ ದಕ್ಷಿಣಾಪಥದ ಆಧಾರಸ್ತಂಭ ಅನ್ನುವ ಅರ್ಥದ ಬಿರುದು ಕೊಟ್ಟ. ನಿಜ ಹೇಳಬೇಕಂದರೆ ಈ ಪುಲಿಕೇಶಿಗೂ ನಮ್ಮ ಪಾಠಪುಸ್ತಕದಲ್ಲಿ ಒಂದು ಪುಟ ಸಿಗಬೇಕಿತ್ತು. ಇನ್ನೂ ಮುಂದೆ, 914ರ ಹಡ್ಡಾಳ ತಾಮ್ರಪಟದಲ್ಲಿ ಸೌರಾಷ್ಟ್ರದ ವಢವಾಣವನ್ನು ಆಳಿದ ಚಾಪ ವಂಶದಲ್ಲೂ ಒಬ್ಬ ಪುಲಿಕೇಶಿ ಸಿಗುತ್ತಾನೆ.

ಈಗ ಹೆಸರಿನ ಮೊದಲ ಅಕ್ಷರವನ್ನು ಸ್ವಲ್ಪ ನೋಡೋಣ. 10ನೇ ಶತಮಾನದ ಆಸುಪಾಸಿನಿಂದ ಕನ್ನಡಿಗರ ಬಾಯಲ್ಲಿ ಪದದ ಮೊದಲಿನ ಪ ನಿಧಾನಕ್ಕೆ ಹ ಆಗುತ್ತಾ ಬಂತು. ಪಾಲು ಹಾಲು ಆಯಿತು, ಪೂ ಹೂ ಆಯಿತು, ಪಾವು ಹಾವಾಯಿತು. ಊರುಗಳ ಹೆಸರೂ ಬಿಡಲಿಲ್ಲ. ಕವಿರಾಜಮಾರ್ಗ ಕನ್ನಡದ ತಿರುಳು ಅಂತ ಹೇಳುವ ನಾಲ್ಕು ಊರುಗಳಲ್ಲಿ ಒಂದಾದ ಪುಲಿಗೆರೆ ಆಮೇಲೆ ಹುಲಿಗೆರೆ ಆಯಿತು (ಈಗಿನ ಲಕ್ಷ್ಮೇಶ್ವರ). ಪಂಪೆ ಹಂಪೆ ಆಯಿತು. 'ಪೊಯ್ ಸಳ' ಅಂತ ಗುರು ಕೂಗಿದ ಕಥೆ ಇರುವ ರಾಜವಂಶವೂ ಹೊಯ್ಸಳ ಆಯಿತು. ಪುಲಿ ಅಂತೂ ಹುಲಿ ಆಗಿ ಎಷ್ಟೋ ಕಾಲ ಆಯಿತು. ಪುಲಿಕೇಶಿ ಮಾತ್ರ ಹುಲಿಕೇಶಿ ಆಗಲೇ ಇಲ್ಲ. ಪುಸ್ತಕ, ಪೂಜೆ ಥರದ ಸಂಸ್ಕೃತ ಪದಗಳಲ್ಲಿ ಪ ಹಾಗೇ ಉಳಿದಿದೆ, ಹಾಗಾಗಿ ಇದೂ ಸಂಸ್ಕೃತವೇ ಅಂತ ಸಿಂಹದ ಪಂಗಡದವರು ವಾದ ಮಾಡಬಹುದು. ನಾನು ಒಪ್ಪುವುದಿಲ್ಲ. ಹೆಸರು ಬದಲಾಗಬೇಕಾದರೆ ಅದನ್ನು ಯಾರಾದರೂ ಕರೆಯುತ್ತಾ ಇರಬೇಕು. ಅಮ್ಮ ಊಟಕ್ಕೆ ಕೂಗಬೇಕು, ಗೆಳೆಯರು ಬೀದಿಯಲ್ಲಿ ಕಿರುಚಬೇಕು, ಸಾಲ ಕೊಟ್ಟವನು ಬಾಗಿಲಲ್ಲಿ ನಿಂತು ಕರೆಯಬೇಕು. ಪ ಹ ಆಗುವ ಹೊತ್ತಿಗೆ ಈ ಹೆಸರಿನ ಮಗುವನ್ನು ಕರೆಯುವ ಅಮ್ಮಂದಿರೇ ಇಲ್ಲಿ ಇರಲಿಲ್ಲ ಅಂತ ಕಾಣುತ್ತದೆ.

ಮತ್ತೆ ಹೆಸರು ಬಂದಿದ್ದು ಕಲ್ಲಿನಿಂದ. 19ನೇ ಶತಮಾನದಲ್ಲಿ ವಾಲ್ಟರ್ ಎಲಿಯಟ್ ಈ ಕಡೆಯ ಶಾಸನಗಳನ್ನು ನಕಲು ಮಾಡಿಸಿ ಕೂಡಿಟ್ಟ. 1870ರ ದಶಕದಲ್ಲಿ ಫ್ಲೀಟ್ ಐಹೊಳೆ ಶಾಸನವನ್ನು ಪ್ರಕಟಿಸಿದ. ಅಲ್ಲಿಯವರೆಗೂ ಹರ್ಷನನ್ನು ತಡೆದ ಕನ್ನಡದ ರಾಜ ಊರ ಜನರ ನೆನಪಿನಲ್ಲಿ ಇದ್ದ ಅಂತ ನನಗೆ ಅನ್ನಿಸುವುದಿಲ್ಲ. ಆಮೇಲೆ 1917ರಲ್ಲಿ ಆಲೂರು ವೆಂಕಟರಾಯರ 'ಕರ್ನಾಟಕ ಗತವೈಭವ' ಬಂತು. ಮುಂಬೈ, ಮದ್ರಾಸು, ಹೈದರಾಬಾದು, ಮೈಸೂರು ಅಂತ ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ನಿಮಗೂ ಇಂಥ ರಾಜರಿದ್ದರು ಕಣ್ರಯ್ಯಾ ಅಂತ ಹೇಳುವ ಪುಸ್ತಕ. ಏಕೀಕರಣದ ಭಾಷಣಗಳಲ್ಲಿ ಪುಲಿಕೇಶಿ ಬಂದ, ಪಾಠಗಳಿಗೆ ಬಂದ, ಬೆಂಗಳೂರಿನಲ್ಲಿ ಫ್ರೇಜರ್ ಟೌನ್ ಪುಲಕೇಶಿನಗರ ಆಯಿತು. ವಿಧಾನಸಭೆ ಕ್ಷೇತ್ರಕ್ಕೂ ಅದೇ ಹೆಸರು. ಆದರೆ ಅಲ್ಲಿಗೆ ಆಟೋ ಹಿಡಿಯುವಾಗ ಜನ ಇವತ್ತಿಗೂ ಹೇಳುವುದು ಫ್ರೇಜರ್ ಟೌನ್ ಅಂತಲೇ.

ಸಿನಿಮಾ ಹೆಸರನ್ನು ಎತ್ತಬಹುದಿತ್ತು. ಅದೇ ರಾಜ್‌ಕುಮಾರ್ 1975ರಲ್ಲಿ 'ಮಯೂರ' ಮಾಡಿದರು. ಕದಂಬರ ಮಯೂರಶರ್ಮನ ಶರ್ಮ ಉದುರಿ ಮಯೂರ್ ಅನ್ನುವ ಚಿಕ್ಕ, ಚಂದದ ಹೆಸರು ಉಳಿಯಿತು. ನನ್ನ ಓರಗೆಯವರಲ್ಲಿ ಮಯೂರ್ ಬೇಕಾದಷ್ಟು ಜನ ಇದ್ದಾರೆ. ಪುಲಿಕೇಶಿಯ ತಮ್ಮನಿಗಿದ್ದ ವಿಷ್ಣುವರ್ಧನ ಅನ್ನುವ ಹೆಸರಿಗೂ ಅದೃಷ್ಟ ಇತ್ತು. ಅದು ಹೊಯ್ಸಳರಲ್ಲಿ ಮತ್ತೆ ದೊಡ್ಡ ಹೆಸರಾಯಿತು, 1972ರ 'ನಾಗರಹಾವು' ಹೊತ್ತಿಗೆ ಸಂಪತ್ ಕುಮಾರ್ ಅನ್ನುವ ಹುಡುಗನಿಗೆ ಪುಟ್ಟಣ್ಣ ಕಣಗಾಲ್ ಅದನ್ನೇ ಇಟ್ಟರು, ಮುಂದಿನದು ನಿಮಗೇ ಗೊತ್ತು. ಅಣ್ಣನ ಹೆಸರು ತುಂಡು ಮಾಡಲೂ ಬರುವುದಿಲ್ಲ. ಪುಲಿ ಅಂದರೆ ತಮಿಳಾಗುತ್ತದೆ. ಕೇಶಿ ಅಂದರೆ ಕೃಷ್ಣ ಕೊಂದ ಕುದುರೆ ರಾಕ್ಷಸ!

ತಮಿಳು ಅಂದೆನಲ್ಲ, ಆ ಕಡೆ ಇವನು ಪಲ್ಲವರ ಶತ್ರು. 2006ರಲ್ಲಿ ವಡಿವೇಲು ಅಭಿನಯದ 'ಇಂಸೈ ಅರಸನ್ 23ಆಂ ಪುಲಿಕೇಸಿ' ಬಂದ ಮೇಲಂತೂ ಅಲ್ಲಿ ಹೆಸರು ಕೇಳಿದ ಕೂಡಲೇ ನಗು. ನನ್ನ ಪರಿಚಯದ ಪುಲಿಕೇಶಿಯವರು ಚೆನ್ನೈಗೆ ಕೆಲಸದ ಮೇಲೆ ಹೋದಾಗ ಲಾಡ್ಜಿನ ಹುಡುಗ ರಿಜಿಸ್ಟರ್ ನೋಡಿ, ನೀವು ಎಷ್ಟನೆಯವರು ಸರ್ ಅಂದನಂತೆ.

ಈಗಲೂ ಅವಕಾಶ ಇಲ್ಲ ಅಂತಲ್ಲ. ಹಸ್ತ ನಕ್ಷತ್ರದ ಮೊದಲ ಪಾದಕ್ಕೆ ಪು ಅಕ್ಷರ. ಪಂಚಾಂಗ ನೋಡಿ ಹೆಸರಿಡುವವರು ಪು ಬಂದರೆ ತಲೆ ಕೆರೆದುಕೊಳ್ಳುತ್ತಾರೆ, ಆಯ್ಕೆ ಅಷ್ಟು ಕಡಿಮೆ. ಪುರುಷೋತ್ತಮ ಹಳತಾಯಿತು, ಪುಟ್ಟಸ್ವಾಮಿ ಇನ್ನೂ ಹಳತು. ಕೊನೆಗೆ ಪುನೀತ್. ಅದರ ಹಿಂದೆ ಪ್ರೀತಿಯೂ ಇದೆ, ತಪ್ಪಲ್ಲ. ಅಂದಹಾಗೆ, ಪರದೆಯ ಮೇಲೆ ಪುಲಿಕೇಶಿ ಆದವರ ಮಗನೇ ಅವರು, ಹುಟ್ಟಿದ್ದು ಮಯೂರ ಬಂದ ವರ್ಷ, ಮೊದಲು ಇಟ್ಟಿದ್ದ ಹೆಸರು ಲೋಹಿತ್.

ನಮ್ಮ ಪುಲಿಕೇಶಿಯವರನ್ನು ಮೊನ್ನೆ ಕೇಳಿದೆ, ಹೆಸರು ಬದಲಾಯಿಸಿಕೊಳ್ಳಬೇಕು ಅಂತ ಯಾವತ್ತಾದರೂ ಅನ್ನಿಸಿತ್ತಾ ಅಂತ. ಇಲ್ಲಪ್ಪಾ, ಅಪ್ಪ ಇಟ್ಟಿದ್ದು, ಇರಲಿ ಅಂದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ವಿಷಯ ಹೇಳಿದರು. ಅವರ ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ, ಸಿನಿಮಾನೂ ನೋಡಿರಲಿಲ್ಲ. ಮಗ ಏನೋ ಹೊಸ ಹೆಸರು ತಂದಿದ್ದಾನೆ ಅಂತ ಕೇಳಿಸಿಕೊಂಡು, ತೀರಿಕೊಳ್ಳುವವರೆಗೂ ಮೊಮ್ಮಗನನ್ನು ಕರೆಯುತ್ತಿದ್ದದ್ದು ಹುಲಿಕೇಶಿ ಅಂತ.