ಮಳೆಗಾಲದ ಮನೆ ಮತ್ತು ಎಲುಬಿನ ಲೆಕ್ಕ

ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟದ ಮನೆಗಳ ದಿನಚರಿಯೇ ಬದಲಾಗುತ್ತದೆ. ಅಂಗಳಕ್ಕೆ ಇಳಿಯುವುದು ಕಡಿಮೆಯಾಗುತ್ತದೆ, ಬಿಸಿಲು ಅಪರೂಪವಾಗುತ್ತದೆ, ಬೇಸಿಗೆಯಲ್ಲಿ ಭರಣಿಗೆ ತುಂಬಿಸಿಟ್ಟ ಉಪ್ಪಿನ ಪದಾರ್ಥಗಳು ಊಟಕ್ಕೆ ಬರುತ್ತವೆ, ದನದ ಹಟ್ಟಿಗೆ ಹೋಗುವ ಮುರಕಲ್ಲಿನ ಮೆಟ್ಟಿಲು ಪಾಚಿಗಟ್ಟುತ್ತದೆ. ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ಈ ನಾಲ್ಕೂ ಸಂಗತಿಗಳು ನಮ್ಮ ಎಲುಬಿನ ಆರೋಗ್ಯದಲ್ಲಿ ಬಂದು ಸೇರುತ್ತವೆ.

ಎಲುಬನ್ನು ನಾವು ಕಲ್ಲಿನಂತೆ ಜಡವಾದ ವಸ್ತುವೆಂದು ಭಾವಿಸುವುದುಂಟು. ವಾಸ್ತವದಲ್ಲಿ ಅದು ಪ್ರತಿದಿನವೂ ಸ್ವಲ್ಪ ಸ್ವಲ್ಪವಾಗಿ ಕೆಡವಿ ಕಟ್ಟಲ್ಪಡುವ ಜೀವಂತ ಅಂಗಾಂಶ. ಆಸ್ಟಿಯೋಕ್ಲಾಸ್ಟ್ ಎಂಬ ಕೋಶಗಳು ಹಳೆಯ ಎಲುಬನ್ನು ಕರಗಿಸುತ್ತವೆ, ಆಸ್ಟಿಯೋಬ್ಲಾಸ್ಟ್ ಎಂಬ ಕೋಶಗಳು ಆ ಜಾಗದಲ್ಲಿ ಹೊಸದನ್ನು ಕಟ್ಟುತ್ತವೆ. ವಯಸ್ಕರ ಅಸ್ಥಿಪಂಜರದ ಸುಮಾರು ಹತ್ತನೆಯ ಒಂದು ಭಾಗ ಪ್ರತಿವರ್ಷ ಹೀಗೆ ಹೊಸದಾಗುತ್ತದೆ. ದೇಹದ ಕ್ಯಾಲ್ಸಿಯಂನ ಶೇಕಡಾ 99 ಭಾಗ ಇರುವುದು ಎಲುಬು ಮತ್ತು ಹಲ್ಲುಗಳಲ್ಲಿ. ಹೃದಯದ ಬಡಿತಕ್ಕೂ ಸ್ನಾಯುಗಳ ಚಲನೆಗೂ ರಕ್ತದಲ್ಲಿ ಕ್ಯಾಲ್ಸಿಯಂ ಬೇಕೇ ಬೇಕಾದುದರಿಂದ, ಊಟದಿಂದ ಅದು ಸಾಕಷ್ಟು ಸಿಗದ ದಿನ ದೇಹವು ಎಲುಬಿನಿಂದಲೇ ತೆಗೆದುಕೊಳ್ಳುತ್ತದೆ. ಸುಮಾರು ಮೂವತ್ತರ ವಯಸ್ಸಿನವರೆಗೆ ಕಟ್ಟುವ ಕೆಲಸವೇ ಮುಂದಿರುತ್ತದೆ. ಅನಂತರ ಕರಗುವುದು ನಿಧಾನವಾಗಿ ಮೇಲುಗೈ ಪಡೆಯುತ್ತದೆ.

ಎಲ್ಲಿ ಎಷ್ಟು ಕಟ್ಟಬೇಕೆಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ಎಲುಬಿನ ಮೇಲೆ ಬೀಳುವ ಭಾರ. ಜರ್ಮನಿಯ ವೈದ್ಯ ಜೂಲಿಯಸ್ ವೂಲ್ಫ್ 1892ರಲ್ಲೇ ಇದನ್ನು ನಿಯಮವಾಗಿ ನಿರೂಪಿಸಿದ್ದರು. ಬಾಹ್ಯಾಕಾಶದಲ್ಲಿ ಭಾರವೇ ಇಲ್ಲದೆ ತೇಲುವ ಗಗನಯಾತ್ರಿಗಳ ಸೊಂಟದ ಎಲುಬು ತಿಂಗಳಿಗೆ ಸುಮಾರು ಶೇಕಡಾ 1ರಷ್ಟು ಸವೆಯುವುದು ಇದಕ್ಕೆ ಸ್ಪಷ್ಟ ಸಾಕ್ಷಿ. ಆದರೆ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು 1984ರಲ್ಲಿ ರೂಬಿನ್ ಮತ್ತು ಲ್ಯಾನ್ಯನ್ ಎಂಬ ವಿಜ್ಞಾನಿಗಳು ಹಕ್ಕಿಯ ರೆಕ್ಕೆಯ ಎಲುಬಿನ ಮೇಲೆ ನಡೆಸಿದ ಪ್ರಯೋಗ. ದಿನಕ್ಕೆ ಕೇವಲ 36 ಬಾರಿ ಭಾರ ಹೇರಿ ಬಿಟ್ಟರೆ ಎಲುಬು ಪೂರ್ತಿಯಾಗಿ ಸ್ಪಂದಿಸುತ್ತಿತ್ತು, ಅದಕ್ಕಿಂತ ಎಷ್ಟು ಹೆಚ್ಚು ಬಾರಿ ಹೇರಿದರೂ ಹೆಚ್ಚಿನ ಫಲವಿರಲಿಲ್ಲ. ಅಂದರೆ ಎಲುಬಿಗೆ ಬೇಕಾದುದು ದಿನವಿಡೀ ದುಡಿತವಲ್ಲ, ಬಂದು ಹೋಗುವ ಭಾರ. ಒಂದೇ ಸಮನೆ ಕುಳಿತಿರುವುದಾಗಲಿ ನಿಂತಿರುವುದಾಗಲಿ ಆ ಕೆಲಸ ಮಾಡಲಾರದು.

ನಮ್ಮ ಹೆಂಗಸರ ಬದುಕಿನಲ್ಲಿ ಕಳೆದುಹೋದದ್ದು ಇದೇ. ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದ ಸುರಂಗದ ನೀರನ್ನು ಕೊಡದಲ್ಲಿ ಹೊತ್ತು ತರುವುದು, ಗುಡ್ಡೆಯಿಂದ ಹಟ್ಟಿಗೆ ಸೊಪ್ಪಿನ ಹೊರೆ ಇಳಿಸುವುದು, ಕಡೆಯುವ ಕಲ್ಲಿನಲ್ಲಿ ಹಿಟ್ಟು ಅರೆಯುವುದು ಇವೆಲ್ಲ ಕಾಲಿಗೂ ಕೈಗೂ ಭಾರ ಕೊಡುತ್ತಿದ್ದವು. ಆ ಕಷ್ಟ ಮರಳಿ ಬರಲಿ ಎಂದು ಯಾರೂ ಬಯಸಬೇಕಾಗಿಲ್ಲ. ಆದರೆ ಮಳೆಗಾಲದಲ್ಲಿ ಬೆಳಗಿನಿಂದ ಸಂಜೆಯವರೆಗೆ ಜಗಲಿಯಲ್ಲಿ ಮೊರವನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟುವವರೂ, ಕಂಪ್ಯೂಟರಿನ ಮುಂದೆ ಕೂರುವ ಅವರ ಮಕ್ಕಳೂ ಗಂಟೆಗೊಮ್ಮೆ ಎದ್ದು ನಾಲ್ಕು ಸಲ ಮೆಟ್ಟಿಲು ಹತ್ತಿಳಿದರೆ, ತುಂಬಿದ ಬಿಂದಿಗೆಯೊಂದನ್ನು ಎತ್ತಿಟ್ಟರೆ, ಎಲುಬಿಗೆ ಅದು ಗೊತ್ತಾಗುತ್ತದೆ.

ಇನ್ನು ಬಿಸಿಲು. ಕರುಳು ಕ್ಯಾಲ್ಸಿಯಂ ಹೀರಿಕೊಳ್ಳಬೇಕಾದರೆ ವಿಟಮಿನ್ ಡಿ ಇರಬೇಕು. ಬಿಸಿಲಿನ ನೇರಳಾತೀತ ಬಿ ಕಿರಣಗಳು ಚರ್ಮಕ್ಕೆ ತಾಗಿದಾಗ ಅದು ತಯಾರಾಗುತ್ತದೆ. ನಮ್ಮ ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ ಈ ಕಿರಣಗಳು ಚೆನ್ನಾಗಿ ಸಿಗುತ್ತವೆ. ಎಳೆಬಿಸಿಲಿನಲ್ಲಿ ಅವು ಅತಿ ಕಡಿಮೆ, ಗಾಜಿನ ಕಿಟಕಿಯ ಒಳಗೆ ಇಲ್ಲವೆಂದೇ ಹೇಳಬೇಕು. ಕಾಸರಗೋಡಿನಲ್ಲಿ ವರ್ಷವಿಡೀ ನಡುಹಗಲಿನ ಸೂರ್ಯ ಸಾಕಷ್ಟು ಎತ್ತರದಲ್ಲಿದ್ದರೂ ಆಟಿ ತಿಂಗಳ (ಜುಲೈ-ಆಗಸ್ಟ್) ದಟ್ಟ ಮೋಡ ಅವನನ್ನು ಮರೆಮಾಡುತ್ತದೆ. ಕೊಬ್ಬಿನಲ್ಲಿ ಸ್ವಲ್ಪ ಸಂಗ್ರಹವಿದ್ದರೂ ರಕ್ತದಲ್ಲಿರುವ ಈ ವಿಟಮಿನ್ನಿನ ಅರ್ಧಾಯು, ಅಂದರೆ ಅದು ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ, ಎರಡು ಮೂರು ವಾರ ಮಾತ್ರ. ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ಗಳಿಸಿದ್ದು ಸೆಪ್ಟೆಂಬರಿನ ಹೊತ್ತಿಗೆ ತಳ ಕಾಣತೊಡಗುತ್ತದೆ. ಮಳೆ ಬಿಟ್ಟ ನಡುಹಗಲಿನಲ್ಲಿ ಕೈಕಾಲಿಗೆ ಬಿಸಿಲು ತಾಗುವಂತೆ ಹತ್ತಿಪ್ಪತ್ತು ನಿಮಿಷ ತೋಟದ ಅಂಚಿನಲ್ಲಿ ನಡೆಯುವುದು ಒಳ್ಳೆಯದು. ಅಡಿಕೆ ಮರದ ನೆರಳಿನೊಳಗೆ ನಡೆದರೆ ಅಷ್ಟು ಪ್ರಯೋಜನವಿಲ್ಲ.

ಊಟದ ವಿಷಯದಲ್ಲಿ ನಾವು ಕಡೆಗಣಿಸಿರುವುದು ಉಪ್ಪನ್ನು. ಮೂತ್ರಪಿಂಡವು ಉಪ್ಪಿನಲ್ಲಿರುವ ಸೋಡಿಯಂ ಹೊರಹಾಕುವಾಗ ಕ್ಯಾಲ್ಸಿಯಂ ಕೂಡ ಜೊತೆಗೆ ಹೋಗುತ್ತದೆ. ಸುಮಾರು 6 ಗ್ರಾಂ ಉಪ್ಪಿಗೆ 40 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ನಷ್ಟವಾಗುತ್ತದೆ, ಅಂದರೆ ಅರ್ಧ ಲೋಟ ಹಾಲಿನಿಂದ ದೇಹಕ್ಕೆ ನಿಜವಾಗಿ ದಕ್ಕುವಷ್ಟು. ಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನು ಒಂದೇ ದಿನ ಸೇರಿದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನಕ್ಕೆ 5 ಗ್ರಾಂನ ಮಿತಿ ಸುಲಭವಾಗಿ ದಾಟುತ್ತದೆ. ಉಪ್ಪು ಸೊಳೆಯನ್ನು (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ) ಹಲವು ಬಾರಿ ನೀರು ಬದಲಿಸಿ ಚೆನ್ನಾಗಿ ಉಪ್ಪು ಬಿಡಿಸಿ ಬೇಯಿಸುವ ಹಳೆಯ ಕ್ರಮವನ್ನು ಅವಸರದಲ್ಲಿ ಬಿಡಬಾರದು. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ನಮ್ಮ ದೇಶದ ಶಿಫಾರಸು ಹೇಳುತ್ತದೆ. ಹಾಲು, ಮಜ್ಜಿಗೆ, ರಾಗಿ, ಎಳ್ಳು, ನುಗ್ಗೆ ಸೊಪ್ಪು, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು ಇವು ಒಳ್ಳೆಯ ಮೂಲಗಳು. ಪತ್ರೊಡೆಯ ಕೆಸುವಿನ ಎಲೆಯಲ್ಲೂ ಕ್ಯಾಲ್ಸಿಯಂ ಇದೆ, ಆದರೆ ಎಲೆಯಲ್ಲಿರುವ ಆಕ್ಸಲೇಟ್ ಎಂಬ ಅಂಶ ಅದನ್ನು ಕಟ್ಟಿಹಾಕುವುದರಿಂದ ನಮಗೆ ಸಿಗುವುದು ಅಲ್ಪ. ವೀಳ್ಯದ ಸುಣ್ಣದಿಂದ ಎಲುಬು ಗಟ್ಟಿಯಾಗುತ್ತದೆಂದು ನಂಬಿದವರು ಇನ್ನೂ ಇದ್ದಾರೆ. ಅಡಿಕೆಯಿಂದಲೇ ಬದುಕಿದ ಮನೆಯವನಾದರೂ ನಾನು ಇದನ್ನು ಹೇಳಲೇಬೇಕು: ಅಡಿಕೆ ಜಗಿಯುವುದು ಬಾಯಿಯ ಕ್ಯಾನ್ಸರಿಗೆ ಕಾರಣವೆಂಬುದು ದೃಢಪಟ್ಟಿದೆ, ಕ್ಯಾಲ್ಸಿಯಂಗಾಗಿ ಆ ದಾರಿ ಹಿಡಿಯುವುದು ಬೇಡ.

ಕೆಲವು ವರ್ಷಗಳ ಹಿಂದೆ ಜುಲೈ ತಿಂಗಳಲ್ಲಿ ನನ್ನ ದೊಡ್ಡಮ್ಮ ಹಟ್ಟಿಯ ಬಾಗಿಲಲ್ಲಿ ಜಾರಿ, ಅಂಗೈ ಊರಿ ಬಿದ್ದು, ಮಣಿಕಟ್ಟು ಮುರಿದುಕೊಂಡರು. "ಎತ್ತರದಿಂದ ಬಿದ್ದದ್ದಲ್ಲ, ನಿಂತಲ್ಲೇ ಜಾರಿದ್ದು. ಅಷ್ಟಕ್ಕೇ ಎಲುಬು ತುಂಡಾಗುವುದುಂಟಾ?" ಎಂದು ಕೇಳಿದ್ದರು. ಆಗ ಅವರಿಗೆ ಐವತ್ತೆಂಟು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹಾರ್ಮೋನ್ ಕುಸಿಯುವುದರಿಂದ ಮೊದಲ ಐದರಿಂದ ಏಳು ವರ್ಷಗಳಲ್ಲೇ ಎಲುಬಿನ ಸಾಂದ್ರತೆ ಶೇಕಡಾ 20ರವರೆಗೂ ಇಳಿಯಬಹುದು. ನಿಂತ ಎತ್ತರದಿಂದ ಬಿದ್ದು ಮಣಿಕಟ್ಟು ಮುರಿಯುವುದು ಅನೇಕ ಬಾರಿ ಇದರ ಮೊದಲ ಸೂಚನೆ. ಪ್ಲಾಸ್ಟರ್ ಬಿಚ್ಚಿಸಿಕೊಂಡು ಸುಮ್ಮನೆ ಮನೆಗೆ ಬರದೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕೇ ಎಂದು ವೈದ್ಯರನ್ನು ಆಗಲೇ ಕೇಳಬೇಕು, ಏಕೆಂದರೆ ಮುಂದೆ ಮುರಿಯುವುದು ಸೊಂಟವಾದರೆ ಅನೇಕ ಹಿರಿಯರು ಮತ್ತೆ ಮೊದಲಿನಂತೆ ನಡೆಯುವುದಿಲ್ಲ. ದೊಡ್ಡಮ್ಮನ ಮನೆಯಲ್ಲಿ ಈಗ ಮಳೆಗೆ ಮೊದಲೇ ಮೆಟ್ಟಿಲುಗಳ ಪಾಚಿಯನ್ನು ಕೆರೆದು ತೆಗೆಯುತ್ತಾರೆ, ಅಂಗಳಕ್ಕೆ ಸೋಗೆ ಹಾಸುತ್ತಾರೆ. ಹಟ್ಟಿಯವರೆಗೂ ಒಂದು ಬದಿಗೆ ಅಡಿಕೆ ಮರದ ಸಲಾಕೆಯನ್ನು ಕೈಹಿಡಿಯಾಗಿ ಕಟ್ಟಿದ್ದಾರೆ. ಹಾಲು ಕರೆಯುವ ಹೊತ್ತಿಗೆ ಈಗಲೂ ಅವರೇ ಹೋಗುತ್ತಾರೆ.