ಟರ್ಮಿನಲ್ ಇಲ್ಲದೆ ಟರ್ಮಿನಲ್ ತರಿಸಿಕೊಳ್ಳುವುದು

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅನ್ನುತ್ತಾರಲ್ಲ, 1982ರ ಕೊಮೊಡೋರ್ 64ರಂಥ ಕಂಪ್ಯೂಟರಿಗೆ, ಫೋನ್ ತಂತಿಯ ಮೂಲಕ ದೂರದ ಕಂಪ್ಯೂಟರಿನೊಡನೆ ಮಾತಾಡಿಸುವ ಮೋಡೆಮ್ ಜೋಡಿಸಿ ಕೂತವರ ಪಾಡೂ ಅದೇ. ಒಳ್ಳೆಯ ಟರ್ಮಿನಲ್ ತಂತ್ರಾಂಶ ಇರುವುದು ಫೋನ್ ತಂತಿಯ ಆ ತುದಿಯಲ್ಲಿ. ಅದನ್ನು ತರಿಸಿಕೊಳ್ಳಲು ಈ ತುದಿಯಲ್ಲೊಂದು ಟರ್ಮಿನಲ್ ಬೇಕು.

ಫ್ಲಾಪಿ ಸಿಗದಿದ್ದರೆ ನಾವೇ ಬರೆದುಕೊಳ್ಳಬೇಕು. ಹೆದರುವಂಥದ್ದೇನಿಲ್ಲ. ಒತ್ತಿದ ಕೀಲಿಯನ್ನು ಮೋಡೆಮ್‌ಗೆ ಕೊಡು, ಮೋಡೆಮ್‌ನಿಂದ ಬಂದದ್ದನ್ನು ಪರದೆಗೆ ಹಾಕು, ಮತ್ತೆ ಮೊದಲಿಗೆ ಹೋಗು: ಟರ್ಮಿನಲ್ ಅಂದರೆ ಇಷ್ಟೇ. ಯಂತ್ರದಲ್ಲೇ ಇರುವ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾಲ್ಕೈದು ಸಾಲು ಸಾಕು. ಮೋಡೆಮ್‌ಗೆ ಬಿಟ್‌ಗಳನ್ನು ಒಂದರ ಹಿಂದೊಂದರಂತೆ ಸಾಗಿಸುವ ಸೀರಿಯಲ್ ಚಾನೆಲ್ ತೆರೆಯುವ ‘ಓಪನ್’ ಆಜ್ಞೆ ಮಾತ್ರ ಎಲ್ಲಕ್ಕಿಂತ ಮೊದಲು ಇರಲಿ. ಆ ಆಜ್ಞೆ ಸಿಕ್ಕೊಡನೆ ಯಂತ್ರ ಬರುವ ಅಕ್ಷರಗಳಿಗೆ 256 ಬೈಟ್, ಹೋಗುವವಕ್ಕೆ 256 ಬೈಟ್ ಜಾಗ ಮಾಡಿಕೊಂಡು, ನೀವು ಅಲ್ಲಿಯವರೆಗೆ ಇಟ್ಟುಕೊಂಡಿದ್ದ ವೇರಿಯಬಲ್‌ಗಳನ್ನೆಲ್ಲ ಹೇಳದೆ ಕೇಳದೆ ಅಳಿಸಿಬಿಡುತ್ತದೆ.

ವೇಗ ಸೆಕೆಂಡಿಗೆ 300 ಬಿಟ್‌ಗೆ ಇಟ್ಟು ಶುರು ಮಾಡಿ. ಒಂದು ಅಕ್ಷರಕ್ಕೆ 8 ಬಿಟ್, ಹಿಂದೊಂದು ಮುಂದೊಂದು ಕಾವಲಿನ ಬಿಟ್, ಒಟ್ಟು 10. ಅಂದರೆ ಸೆಕೆಂಡಿಗೆ 30 ಅಕ್ಷರ. ಒಂದು ಸಾಲಿಗೆ 40 ಅಕ್ಷರದಂತೆ 25 ಸಾಲಿನ ಪರದೆ ತುಂಬಲು 33 ಸೆಕೆಂಡ್ ಬೇಕು. ಅಕ್ಷರ ಬಂದ ಹಾಗೇ ಓದಿಕೊಂಡು ಹೋಗಬಹುದು. ಫೋನ್ ತಂತಿ ಸಾಗಿಸುವುದು ದನಿಯನ್ನಷ್ಟೆ, ಆದ್ದರಿಂದ ಮೋಡೆಮ್ ಬಿಟ್‌ಗಳನ್ನು ಸಿಳ್ಳೆ ಮಾಡುತ್ತದೆ. 1962ರ ಬೆಲ್ 103 ಪದ್ಧತಿಯಲ್ಲಿ ಕರೆ ಮಾಡಿದವರ ಸೊನ್ನೆಗೆ 1070 ಹರ್ಟ್ಜ್, ಒಂದಕ್ಕೆ 1270. ಉತ್ತರಿಸಿದವರಿಗೆ 2025 ಮತ್ತು 2225. ಜೋಡಿಗಳು ಬೇರೆ ಬೇರೆಯಾದ್ದರಿಂದ ಇಬ್ಬರೂ ಒಟ್ಟಿಗೇ ಮಾತಾಡಬಹುದು.

ಸರಿ, ಕರೆ ಸಿಕ್ಕಿತು, ಅಕ್ಷರಗಳು ಬರತೊಡಗಿದವು. ನಿಜವಾದ ತಲೆನೋವು ಶುರುವಾಗುವುದು ಇಲ್ಲಿ. ಇಂಗ್ಲಿಷಿನ ದೊಡ್ಡಕ್ಷರಗಳೆಲ್ಲ ಚಿಕ್ಕವಾಗಿ, ಚಿಕ್ಕವೆಲ್ಲ ದೊಡ್ಡವಾಗಿ ಕಾಣುತ್ತವೆ. ಮೋಡೆಮ್ ಕೆಟ್ಟಿಲ್ಲ. ಲೋಕವೆಲ್ಲ ಬಳಸುವ ಆಸ್ಕಿ ಸಂಕೇತದಲ್ಲಿ 65 ಅಂದರೆ ದೊಡ್ಡ ‘ಎ’. ಕೊಮೊಡೋರ್‌ನ ಸ್ವಂತ ಪೆಟ್‌ಸ್ಕಿಯಲ್ಲಿ, ಚಿಕ್ಕಕ್ಷರ ತೋರಿಸುವ ಸ್ಥಿತಿಯಲ್ಲಿ, ಅದೇ 65 ಚಿಕ್ಕ ‘ಎ’, ದೊಡ್ಡದು 193. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಕನ್ನಡ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದವರಿಗೆ ಇದು ಹೊಸ ಅನುಭವವಲ್ಲ. ಅಳಿಸುವ ಕೀಲಿಯೂ ಹಾಗೆಯೇ: ಇಲ್ಲಿ 20, ಅಲ್ಲಿ 8. ಇನ್ನೂ ತಮಾಷೆಯೆಂದರೆ, ಆಸ್ಕಿಯವರು ‘ಸ್ವಲ್ಪ ತಡಿ’ ಎಂಬರ್ಥದಲ್ಲಿ ಕಳಿಸುವ 19, ಕೊಮೊಡೋರ್‌ಗೆ ಕರ್ಸರನ್ನು ಪರದೆಯ ಮೂಲೆಗೆ ಒಯ್ಯುವ ಅಪ್ಪಣೆ! 256 ಮನೆಗಳ ಒಂದು ಅನುವಾದ ಪಟ್ಟಿ ಬರೆದು ನಡುವೆ ಇಟ್ಟರೆ ಈ ಕಾಟವೆಲ್ಲ ತಪ್ಪುತ್ತದೆ.

ಮಿಕ್ಕ ರೋಗಗಳನ್ನು ಪರದೆ ನೋಡಿಯೇ ಹೇಳಬಹುದು. ಒತ್ತಿದ ಅಕ್ಷರ ಎರಡೆರಡು ಬಾರಿ ಮೂಡಿದರೆ ನಿಮ್ಮ ಯಂತ್ರವೂ ಆಚೆಯದೂ ಎರಡೂ ಅದನ್ನು ತೋರಿಸುತ್ತಿವೆ, ಒಂದನ್ನು ಸುಮ್ಮನಾಗಿಸಿ. ಬಂದದ್ದೆಲ್ಲ ಕಸವಾದರೆ ಮೊದಲು ವೇಗ ನೋಡಿ. ಬಂದ ಅಕ್ಷರಗಳಲ್ಲಿ ಅರ್ಧದಷ್ಟು ಸರಿ, ಅರ್ಧದಷ್ಟು ತಪ್ಪು ಅಂದರೆ ಪ್ಯಾರಿಟಿ, ಅಂದರೆ ತಪ್ಪು ಹಿಡಿಯಲು ಸೇರಿಸುವ ಬಿಟ್, ಕಾರಣ. ಆಚೆಯವರು 7 ಬಿಟ್ ಅಕ್ಷರ ಕಳಿಸಿ, ಎಂಟನೆಯದನ್ನು ಒಂದುಗಳ ಲೆಕ್ಕ ಸಮಸಂಖ್ಯೆ ಮಾಡಲು ಬಳಸುತ್ತಿದ್ದಾರೆ. 65ರಲ್ಲಿ ಎರಡು ಒಂದುಗಳಿವೆ, ಅದು ಹಾಗೆಯೇ ಬರುತ್ತದೆ. 67ರಲ್ಲಿ ಮೂರಿವೆ; ಇನ್ನೊಂದು ಸೇರಿ 195 ಆಗಿ ಬರುತ್ತದೆ.

ಈ ಯಂತ್ರದಲ್ಲಿ ಸೀರಿಯಲ್ ಕೆಲಸಕ್ಕೆಂದೇ ಬೇರೆ ಚಿಪ್ ಇಲ್ಲ, ಪ್ರತಿ ಬಿಟ್ಟನ್ನೂ ಪ್ರೊಸೆಸರೇ ಗಡಿಯಾರ ನೋಡಿ ಎಣಿಸಬೇಕು. 300ರ ವೇಗದಲ್ಲಿ ಬಿಟ್ಟಿಗೆ 3,333 ಮೈಕ್ರೊಸೆಕೆಂಡ್ ಇರುವುದರಿಂದ ಆರಾಮು. 2400ಕ್ಕೆ ಏರಿಸಿದರೆ 417ಕ್ಕೆ ಇಳಿಯುತ್ತದೆ. ಅಷ್ಟರಲ್ಲಿ ಪರದೆಯ ಚಿಪ್ ಬೇರೆ ಆಗಾಗ ಪ್ರೊಸೆಸರನ್ನು ತಡೆದು ನಿಲ್ಲಿಸುತ್ತಿರುತ್ತದೆ. ಡಿಸ್ಕ್‌ಗೆ ಬರೆಯುವಾಗಲಂತೂ ಮೋಡೆಮ್ ಕಡೆ ಗಮನವೇ ಇರುವುದಿಲ್ಲ, ಬಂದ ಅಕ್ಷರ ಕಳೆದುಹೋಗುತ್ತದೆ.

ಹಾಗಾಗಿ ಕಡತಗಳನ್ನು ತುಂಡು ತುಂಡಾಗಿ ತರಿಸಬೇಕು. 1977ರಲ್ಲಿ ವಾರ್ಡ್ ಕ್ರಿಸ್ಟೆನ್ಸನ್ ರೂಪಿಸಿದ ಎಕ್ಸ್‌ಮೋಡೆಮ್ ಎಂಬ ಕಡತ ಸಾಗಿಸುವ ಪದ್ಧತಿ 128 ಬೈಟ್ ಕಳಿಸಿ, ಜೊತೆಗೆ ಅವುಗಳ ಮೊತ್ತವನ್ನೂ ಕಳಿಸಿ, ‘ಸರಿ’ ಎಂಬ ಉತ್ತರಕ್ಕೆ ಕಾಯುತ್ತದೆ. ಮೊತ್ತ ತಾಳೆಯಾಗದಿದ್ದರೆ ಅದೇ ತುಂಡು ಇನ್ನೊಮ್ಮೆ. ಇದನ್ನು ಪಡೆಯುವ ಭಾಗವನ್ನೂ ನಿಮ್ಮ ಪುಟ್ಟ ಬೇಸಿಕ್ ಟರ್ಮಿನಲ್‌ಗೆ ಸೇರಿಸಬೇಕು. ಒಂದು ಸಂಜೆಯ ಕೆಲಸ. ಆಮೇಲೆ 16 ಕಿಲೋಬೈಟಿನ ಒಳ್ಳೆಯ ಟರ್ಮಿನಲ್ ತಂತ್ರಾಂಶ ಸುಮಾರು ಹತ್ತು ನಿಮಿಷದಲ್ಲಿ ಇಳಿಯುತ್ತದೆ, ಅಷ್ಟು ಹೊತ್ತು ಮನೆಯವರು ಯಾರೂ ಫೋನ್ ಎತ್ತದಿದ್ದರೆ.

ಫೋನ್ ತಂತಿಯೇ ಇಲ್ಲದವರಿಗೆ ಈಗ ವೈಫೈ ಮೋಡೆಮ್‌ಗಳಿವೆ. ಹೇಯ್ಸ್ ಮೋಡೆಮ್‌ನ 1981ರ, ಕರೆ ಮಾಡು ಎನ್ನುವ ‘ಎಟಿಡಿಟಿ’ ಆಜ್ಞೆಯನ್ನೇ ಅವೂ ಕೇಳುತ್ತವೆ, ಮುಂದೆ ಫೋನ್ ನಂಬರಿನ ಬದಲು ಜಾಲದ ವಿಳಾಸ ಕೊಡಬೇಕು ಅಷ್ಟೆ. ಜೋಡಿಸುವ ಮುನ್ನ ವೋಲ್ಟೇಜ್ ನೋಡಿಕೊಳ್ಳಿ: ಕೊಮೊಡೋರ್‌ನ ಪೋರ್ಟ್ 5 ವೋಲ್ಟಿನದು, ವೈಫೈ ಚಿಪ್ 3.3ರದು. ಆರ್‌ಎಸ್-232 ಎಂಬ ಸೀರಿಯಲ್ ಜೋಡಣೆಯ ಹಳೆಯ ಮೋಡೆಮ್‌ಗಳು ಧನ, ಋಣ ಎರಡೂ ಕಡೆ 15 ವೋಲ್ಟಿನವರೆಗೂ ಹೋಗಬಹುದು. ನಡುವೆ ಪರಿವರ್ತಕವಿಲ್ಲದೆ ನೇರ ಸಿಕ್ಕಿಸಿದರೆ ಆ ಪೋರ್ಟಿನ ಚಿಪ್ಪನ್ನೇ ಬದಲಿಸಬೇಕಾದೀತು.